ಹದಿನಾಲ್ಕನೆಯ ಸಾಲು

ಆ ವರ್ಷ ಪಂಚಮಿಗೆ ನಾನು ಅಕ್ಕನಿಗೆ ಉಂಡಿ ಒಯ್ಯಲಿಲ್ಲ, ಪುಡಿ ಒಯ್ದೆ. ನಮ್ಮ ದಾವಣಗೆರೆ ಕಡೆ ಪಂಚಮಿ ಎಂದರೆ ತಮ್ಮನಾದವನು ಅಕ್ಕನ ಮನೆಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ತುಂಬಿದ ಡಬ್ಬಿ ಹಿಡಿದು ಹೋಗಲೇಬೇಕು. ಅವ್ವ ಇರುವ ತನಕ ಅವಳು ಕಟ್ಟಿಕೊಡುತ್ತಿದ್ದಳು. ಅವಳು ಹೋದ ಮೇಲೆ ನಾನೇ ಅಂಗಡಿಯಲ್ಲಿ ಕೊಂಡು, ಅವಳದೇ ಹಳೆಯ ಸ್ಟೀಲ್ ಡಬ್ಬಿಗೆ ತುಂಬಿ ಒಯ್ಯುತ್ತಿದ್ದೆ. ಆ ವರ್ಷವೂ ಡಬ್ಬಿ ಅದೇ. ಒಳಗೆ ಮಾತ್ರ ನಾನು ಕೆಲಸ ಮಾಡುತ್ತಿದ್ದ ಸಮರೇಖೆ ಸಂಸ್ಥೆಯ ಬೂದು ಬಣ್ಣದ ಪುಡಿ.

ಅಕ್ಕ ಕೊಟ್ರಮ್ಮ ಮುಚ್ಚಳ ತೆಗೆದು ಮೂಸಿ ನೋಡಿದಳು.

“ಏನಲೇ ಹಾಲೇಶ ಇದು? ಎಮ್ಮಿಗೆ ಹಾಕೋ ಹಿಂಡಿ ತಂದೀಯಲ್ಲ!”

“ಶೇಂಗಾ, ಅಗಸಿ, ಸೋಯಾ ಎಲ್ಲ ಹಾಕ್ಯಾರಕ್ಕ. ಇದರಾಗೆ ರೊಟ್ಟಿ ತಟ್ಕೊಂಡು ತಿನ್ನು. ಇನ್ನೊಂದು ತಿಂಗಳು ಅನ್ನ, ಮುದ್ದಿ, ಜೋಳದ ರೊಟ್ಟಿ ಯಾವುದೂ ಬ್ಯಾಡ. ನಿನ್ನ ಪರೀಕ್ಷೆ ಮುಗೀಲಿ, ಆಮ್ಯಾಲೆ ಡಬ್ಬಿ ತುಂಬ ಉಂಡಿ ತರ್ತೀನಿ.”

“ಹಬ್ಬದ ದಿನಾನೇ ಬಾಯಿಗೆ ಬೀಗ ಹಾಕ್ತೀಯಲ್ಲಪ!” ಎಂದು ನಕ್ಕಳು. ಆಮೇಲೆ ಡಬ್ಬಿಯನ್ನು ದೇವರ ಮುಂದಿಟ್ಟು, ಒಂದು ಹೂವೇರಿಸಿ ಕೈಮುಗಿದಳು. “ನೀನು ಹೇಳಿದ ಮ್ಯಾಲೆ ಮುಗೀತು ಬಿಡು. ಓದಿದಾತ ನೀನು.”

ನನ್ನನ್ನು ಓದಿಸಿದವಳೇ ಅವಳು. ಸರಕಿನ ಆಟೋ ಓಡಿಸಿ ಓದಿಸಿದಳು. ಆ ಪುಡಿಗೆ ಅವಳು ಹೂವೇರಿಸಿದ್ದು ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಗೊತ್ತಿಲ್ಲದವರಿಗಾಗಿ ಕಾಳಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಜೋಳದ ಕಾಳಿನಷ್ಟೇ ದೊಡ್ಡ ಯಂತ್ರ. ತೋಳಿನ ಚರ್ಮದಡಿ ಕೂತು, ಐದು ನಿಮಿಷಕ್ಕೊಮ್ಮೆ ಮೈಯೊಳಗಿನ ಸಕ್ಕರೆಯ ಅಂಶ ಅಳೆದು ನಮ್ಮ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಅದಕ್ಕೊಂದು ಭಾರಿ ಹೆಸರಿತ್ತು, ಜನ ಕಾಳು ಎಂದೇ ಕರೆದರು. ಸಕ್ಕರೆ ಏರುಪೇರಾಗಿ ಚಾಲಕನೊಬ್ಬ ಸ್ಟೀರಿಂಗ್ ಮೇಲೆ ತಲೆಯಿಟ್ಟು, ಬಸ್ಸು ಕಾಲುವೆಗೆ ಬಿದ್ದ ಮೇಲೆ, ಬಸ್ಸು ಓಡಿಸುವವರೆಲ್ಲ ಕಾಳು ಹಾಕಿಸಿಕೊಳ್ಳಬೇಕೆಂದು ಕಾನೂನಾಯಿತು. ಕಾನೂನು ಒಳ್ಳೆಯದೇ. ನಾನೂ ನನ್ನ ತೋಳಿಗೊಂದು ಕಾಳು ಹಾಕಿಸಿಕೊಂಡು, ಅದರ ಪರವಾಗಿ ಊರೂರಿಗೆ ಹೋಗಿ ಭಾಷಣ ಬಿಗಿದವನೇ.

ವರ್ಷಕ್ಕೊಮ್ಮೆ ಒಂದು ಪರೀಕ್ಷೆಯೂ ಇತ್ತು. ಬರೀ ಹೊಟ್ಟೆಯಲ್ಲಿ ಬಂದು ಎಪ್ಪತ್ತೈದು ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿದು ಎರಡು ಗಂಟೆ ಕೂರಬೇಕು. ಡಿಪೋದವರು ಅದನ್ನು ಶರಬತ್ತು ಪರೀಕ್ಷೆ ಎನ್ನುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಕಾಳು ಅಳೆಯುವಾಗ ಇದೇಕೆ ಎಂದು ನೀವು ಕೇಳಬಹುದು. ಬಸ್ಸು ಖಾಲಿ ಓಡಿದರೆ ಅದರ ಬಲ ಗೊತ್ತಾಗುವುದಿಲ್ಲ, ಜನ ತುಂಬಿಸಿ ದಿಬ್ಬ ಹತ್ತಿಸಿ ನೋಡಬೇಕು. ಇದೂ ಹಾಗೆಯೇ. ಎರಡು ಗಂಟೆಯ ಹೊತ್ತಿಗೆ ಸಕ್ಕರೆ ನೂರ ಅರವತ್ತರ ಒಳಗೆ ಇಳಿದಿದ್ದರೆ ಹಸಿರು, ದಾಟಿದ್ದರೆ ಕೆಂಪು. ಕೆಂಪು ಬಂದವರು ಇನ್ಸುಲಿನ್ ಪಂಪು ಕಟ್ಟಿಕೊಳ್ಳಬೇಕು, ಪಂಪು ಕಟ್ಟಿಕೊಂಡವರು ಮತ್ತೆ ಸ್ಟೀರಿಂಗ್ ಮುಟ್ಟುವಂತಿಲ್ಲ.

ಅಕ್ಕ ಹರಿಹರದ ದಾರಿಯಲ್ಲಿ ಜೋಡಿ ಬಸ್ಸು ಓಡಿಸುತ್ತಿದ್ದಳು. ಎರಡು ಬಸ್ಸು ಜೋಡಿಸಿದಷ್ಟು ಉದ್ದದ, ನಡುವೆ ಮಡಚಿಕೊಳ್ಳುವ ಆ ಬಸ್ಸನ್ನು ತಿರುಗಿಸಲು ಡಿಪೋದ ಎಷ್ಟೋ ಗಂಡಸರಿಗೆ ಬೆವರು ಬರುತ್ತಿತ್ತು. ಅವಳು ಒಂದೇ ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಅವಳಿಗಿದ್ದ ಒಂದೇ ಹೆಮ್ಮೆ ಆ ಸ್ಟೀರಿಂಗ್.

ಆ ವರ್ಷ ಪರೀಕ್ಷೆಗೆ ಒಂದು ತಿಂಗಳು ಮುಂಚೆ ಎಲ್ಲ ಚಾಲಕರಿಗೂ ಪುಡಿಯ ಪೊಟ್ಟಣ ಉಚಿತವಾಗಿ ಹಂಚಬೇಕೆಂದು ಡಾ. ವಿಶ್ವಂಭರ ಹೇಳಿದರು. ಅವರು ಸಮರೇಖೆಯ ಮುಖ್ಯಸ್ಥರು, ಅದಕ್ಕೂ ಮೊದಲು ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಮೈಕ್ರೋಸ್ಕೋಪಿಗೆ ಹೇಗೆ ಕಣ್ಣಿಡಬೇಕೆಂದು ಕಲಿಸಿದವರೇ ಅವರು. ನಾನು ಎರಡು ಮಾತಾಡದೆ ಹಂಚಿದೆ. ಆ ಆಹಾರ ಕೆಟ್ಟದ್ದೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಹಿಟ್ಟಿನ ಪದಾರ್ಥ ಕಡಿಮೆ ಮಾಡಿದ ಎಷ್ಟೋ ಸಕ್ಕರೆ ರೋಗಿಗಳ ರೇಖೆ ಸಮವಾಗಿದ್ದನ್ನು, ಅವರ ಇನ್ಸುಲಿನ್ ಸೂಜಿ ಕಡಿಮೆಯಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೇರೆಯವರಿಗೆ ಹೇಳಿದ್ದನ್ನು ತಾನೂ ಮಾಡಬೇಕೆಂಬ ಹಠಕ್ಕೆ ನಾನೂ ತಿಂಗಳಿಡೀ ಆ ಪುಡಿಯನ್ನೇ ತಿಂದೆ.

ಪರೀಕ್ಷೆ ಗಣಪತಿ ಹಬ್ಬದ ಮೂರನೆಯ ದಿನ ನಡೆಯಿತು. ನಾನು ಬೆಳಿಗ್ಗೆಯೇ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮುಂದೆ ಕೂತಿದ್ದೆ. ಸಾವಿರದ ಇನ್ನೂರ ಅರವತ್ತು ಚಾಲಕರ ರೇಖೆಗಳು ಒಟ್ಟಿಗೆ ಮೇಲೇಳತೊಡಗಿದವು. ಒಂದು ಗಂಟೆಯ ನಂತರ ಅವು ಇಳಿಯಬೇಕಿತ್ತು. ಬಹಳಷ್ಟು ಇಳಿದವು, ನೂರಾರು ಇಳಿಯಲೇ ಇಲ್ಲ. ಎರಡು ಗಂಟೆ ತುಂಬಿತೆಂದು ಯಂತ್ರ ಗಂಟೆ ಬಾರಿಸಿತು. ಹಿಂದಿನ ವರ್ಷ ಕೆಂಪು ಬಂದವರು ಮೂವತ್ತೊಂದು ಜನ, ಈ ವರ್ಷ ನಾನೂರ ಹನ್ನೆರಡು.

ನಾನು ಒಂದು ಹೆಸರನ್ನಷ್ಟೇ ಹುಡುಕಿದೆ. ಕೊಟ್ರಮ್ಮ, ನೂರ ತೊಂಬತ್ತೊಂದು. ಕೆಂಪು.

ನನಗೆ ಮೊದಲು ಬಂದದ್ದು ಸಿಟ್ಟು. ಹಬ್ಬಕ್ಕೆ ಕಡುಬು ಮುಕ್ಕಿರಬೇಕು, ಒಂದಲ್ಲ ಹತ್ತು ಮುಕ್ಕಿರಬೇಕು ಎಂದುಕೊಂಡೆ. ಅವಳ ತಿಂಗಳ ರೇಖೆಯನ್ನು ತೆರೆದು ನೋಡಿದ್ದರೆ ಸಾಕಿತ್ತು, ಅಷ್ಟೂ ತಾಳ್ಮೆ ಇರಲಿಲ್ಲ. ನೇರ ಡಿಪೋಗೆ ಹೋದೆ.

ಅಕ್ಕ ಬಸ್ಸಿನೊಳಗೆ ಬಗ್ಗಿ ತನ್ನ ಸೀಟಿನ ದಿಂಬನ್ನು ಬಿಚ್ಚುತ್ತಿದ್ದಳು. ಹಳೆಯ ಇಳಕಲ್ ಸೀರೆಯಲ್ಲಿ ಅವಳೇ ಹೊಲಿದುಕೊಂಡಿದ್ದ ದಿಂಬು. ಪಕ್ಕದಲ್ಲಿ ಮಾಬುಸಾಬ ಎಂಬ ಹಿರಿಯ ಚಾಲಕ ನಿಂತಿದ್ದ.

“ಎಷ್ಟು ಕಡುಬು ತಿಂದೆ, ಖರೇ ಹೇಳಕ್ಕ,” ಎಂದೆ.

ಅವಳು ದಿಂಬನ್ನು ಎದೆಗೆ ಹಿಡಿದು ನನ್ನನ್ನೇ ನೋಡಿದಳು. “ಒಂದು ಮುಟ್ಟಿಲ್ಲ.”

“ಸುಳ್ಳು ಯಾಕೆ ಹೇಳ್ತಿ? ಯಂತ್ರ ಸುಳ್ಳು ಹೇಳಲ್ಲ.”

“ಯಂತ್ರ ಹೇಳಲ್ಲ, ನಾನು ಹೇಳ್ತೀನಿ ಅಂತೀಯೇನು?” ಅವಳು ದಿಂಬನ್ನು ಬಗಲಿಗೆ ಒತ್ತಿಕೊಂಡಳು. “ನೈವೇದ್ಯಕ್ಕಿಟ್ಟ ಕಡುಬನ್ನ ಕಣ್ಣಿಗೊತ್ಕೊಂಡು ಪಕ್ಕದ ಮನಿಗೆ ಕೊಟ್ಟು ಬಂದೀನಿ. ತಿಂಗಳಾತು, ಒಂದು ಅಗುಳು ಬಾಯಿಗೆ ಹಾಕಿಲ್ಲ. ತಮ್ಮ ಹೇಳ್ಯಾನೆ ಅಂತ ಆ ಹಿಂಡೀನೇ ತಿಂದೀನಿ. ನೀನೇ ಬಂದು ಕಳ್ಳಿ ಅಂತೀಯಲ್ಲೋ!”

ಉತ್ತರಕ್ಕೆ ಕಾಯದೆ ಅವಳು ಇಳಿದು ಹೋದಳು. ಮಾಬುಸಾಬ ನನ್ನ ಹತ್ತಿರ ಬಂದ.

“ಸಾ, ಒಂದು ಮಾತು ಕೇಳ್ಲಾ? ನನ್ನದು ಹಸಿರು ಬಂದೈತಿ.”

“ನಿಯತ್ತಾಗಿ ಪುಡಿ ತಿಂದೀಯ, ಅದಕ್ಕೆ ಬಂದೈತಿ.”

“ಎಲ್ಲಿ ಸಾ! ನಿಮಗೆ ಹೇಳಾಕೆ ನಾಚಿಕಿ. ಒಂದಿನ ತಿಂದೆ, ಗಂಟಲಾಗೆ ಇಳೀಲಿಲ್ಲ. ಉಳಿದಿದ್ದು ಎಮ್ಮಿಗೆ ಹಾಕ್ದೆ. ನಾನು ಅನ್ನಾನೇ ಉಂಡೆ, ಮೂರು ಹೊತ್ತು. ನಿಮ್ಮ ಮಾತು ಕೇಳಿದೋರಿಗೆಲ್ಲ ಕೆಂಪು ಬಂದೈತಿ ಸಾ. ಕೇಳದಿರೋ ನಾವೆಲ್ಲ ಗೆದ್ದೀವಿ. ಇದೆಂಥಾ ನ್ಯಾಯ?”

ಅವನ ಎಮ್ಮೆಯ ಮಾತು ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಕೊಠಡಿಗೆ ಓಡಿ ಬಂದು ಅಕ್ಕನ ತಿಂಗಳ ರೇಖೆ ತೆರೆದೆ. ಅಡ್ಡಪಟ್ಟಿ ಇಟ್ಟು ಗೆರೆ ಎಳೆದಂತಿತ್ತು. ಹಬ್ಬದ ದಿನವೂ ಒಂದು ಉಬ್ಬಿಲ್ಲ. ಕೆಂಪು ಬಂದ ಉಳಿದವರದನ್ನೂ ತೆರೆಯುತ್ತಾ ಹೋದೆ. ಹೆಚ್ಚುಕಡಿಮೆ ಎಲ್ಲರದೂ ಹಾಗೆಯೇ, ಸಮರೇಖೆ. ಮಾಬುಸಾಬನದು ಮಾತ್ರ ದಿನಕ್ಕೆ ಮೂರು ಗುಡ್ಡ ಹತ್ತಿ ಇಳಿದಿತ್ತು.

ನನಗೆ ಆಗ ನೆನಪಾಯಿತು, ಇದನ್ನು ಎಷ್ಟೋ ವರ್ಷದ ಹಿಂದೆ ನಾನೇ ಬರೆದು ಮರೆತಿದ್ದೆ.

ಅನ್ನ ತಿಂದಾಗ ಅದು ಸಕ್ಕರೆಯಾಗಿ ರಕ್ತಕ್ಕಿಳಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ, ಇನ್ಸುಲಿನ್ ಸ್ನಾಯುಗಳ ಬಾಗಿಲು ತೆಗೆಸಿ ಸಕ್ಕರೆಯನ್ನು ಒಳಗೆ ಕಳಿಸುತ್ತದೆ. ಅನ್ನ ಬಿಟ್ಟವರಲ್ಲಿ ಸಕ್ಕರೆ ಏರುವುದೇ ಕಡಿಮೆ, ಇನ್ಸುಲಿನ್ನಿಗೂ ಕೆಲಸ ಕಡಿಮೆ. ದೇಹ ಕೊಬ್ಬನ್ನು ಉರಿಸಿಕೊಂಡು ದಿನ ನೂಕುತ್ತದೆ. ಇರುವ ಅಷ್ಟಿಷ್ಟು ಸಕ್ಕರೆ ಮಿದುಳಿಗಿರಲಿ ಎಂದು ಸ್ನಾಯುಗಳು ಬಾಗಿಲು ಮುಂದೆ ಮಾಡಿಕೊಳ್ಳುತ್ತವೆ. ಇದು ಕಾಯಿಲೆಯಲ್ಲ, ದೇಹದ ಜಾಣತನ. ಆದರೆ ಹೀಗೆ ತಿಂಗಳು ಕಳೆದವರಿಗೆ ಏಕಾಏಕಿ ಒಂದು ಲೋಟ ಶರಬತ್ತು ಕುಡಿಸಿದರೆ ಗ್ರಂಥಿ ಚುರುಕಾಗಲು ಹೊತ್ತು ಹಿಡಿಯುತ್ತದೆ, ಮುಚ್ಚಿದ ಬಾಗಿಲೂ ಬೇಗ ತೆರೆಯುವುದಿಲ್ಲ. ಸಕ್ಕರೆ ಬೀದಿಯಲ್ಲೇ ನಿಲ್ಲುತ್ತದೆ. ಗಟ್ಟಿಮುಟ್ಟಾದವರೂ ರೋಗಿಗಳಂತೆ ಕಾಣುತ್ತಾರೆ. ಮೂರು ದಿನ ಅನ್ನ ಉಂಡರೆ ಎಲ್ಲ ಮೊದಲಿನಂತಾಗುತ್ತದೆ. ಅದಕ್ಕೇ ಪರೀಕ್ಷೆಯ ಕೈಪಿಡಿಗೆ ನಾನು ಹದಿನಾಲ್ಕನೆಯ ಸಾಲು ಸೇರಿಸಿದ್ದೆ: “ಪರೀಕ್ಷೆಗೆ ಮುಂಚಿನ ಮೂರು ದಿನ ಅನ್ನ, ಮುದ್ದೆ, ರೊಟ್ಟಿ ಹೊಟ್ಟೆತುಂಬ ತಿಂದಿರಬೇಕು. ಇಲ್ಲವಾದರೆ ಫಲಿತಾಂಶವನ್ನು ನಂಬತಕ್ಕದ್ದಲ್ಲ.”

ಕೈಪಿಡಿ ತೆಗೆದೆ. ಹದಿಮೂರರ ನಂತರ ಬಂದ ಹದಿನಾಲ್ಕನೆಯ ಸಾಲು ಲೋಟಗಳನ್ನು ಹೇಗೆ ತೊಳೆಯಬೇಕು ಎಂಬುದಾಗಿತ್ತು. ನನ್ನ ಸಾಲನ್ನು ತೆಗೆದುಹಾಕಿದ ಆದೇಶವೂ ಅಲ್ಲೇ ಇತ್ತು, ಜೂನ್ ತಿಂಗಳದ್ದು. ಕೆಳಗೆ ಸಹಿ ನನ್ನದೇ.

ಆ ದಿನವೂ ನೆನಪಾಯಿತು. ನಾನು ಮೆಟ್ಟಿಲಿಳಿಯುತ್ತಿದ್ದೆ, ವಿಶ್ವಂಭರರು ಹತ್ತುತ್ತಿದ್ದರು. “ಸಣ್ಣಪುಟ್ಟ ತಿದ್ದುಪಡಿ ಹಾಲೇಶ್, ನಿಮ್ಮದೊಂದು ಸಹಿ,” ಎಂದು ಕಾಗದ ಮತ್ತು ಅವರದೇ ಪೆನ್ನು ಕೊಟ್ಟರು. ಗುರುಗಳು ಕೊಟ್ಟ ಕಾಗದವನ್ನು ಓದುವುದೇ ಅಪಮಾನವೆಂದು ತಿಳಿದ ಮಹಾ ವಿಜ್ಞಾನಿ ನಾನು, ಗೋಡೆಗಿಟ್ಟುಕೊಂಡು ಸಹಿ ಗೀಚಿದ್ದೆ.

ಆದೇಶಕ್ಕೆ ಇನ್ನೊಂದು ಪುಟ ಲಗತ್ತಾಗಿತ್ತು. ಅದನ್ನು ತೆರೆದು ಎರಡು ಸಲ ಓದಿದೆ. “ಪೊಟ್ಟಣ ಹಂಚಿಕೆಯ ನಂತರ ನಿರೀಕ್ಷಿತ ಕೆಂಪು: ನಾನೂರು. ನವೆಂಬರಿನಿಂದ ಚಾಲಕರಿಲ್ಲದೆ ತಾವೇ ಓಡುವ ಹೊಸ ಬಸ್ಸು: ನಾನೂರು.”

ವಿಶ್ವಂಭರರು ಕೊಠಡಿಯಲ್ಲಿ ಹಣ್ಣಿಲ್ಲದ, ಅನ್ನವಿಲ್ಲದ ತಮ್ಮ ಊಟ ಮಾಡುತ್ತಿದ್ದರು. ನಾನು ಪುಟವನ್ನು ಅವರ ತಟ್ಟೆಯ ಪಕ್ಕಕ್ಕಿಟ್ಟೆ.

“ನಿಮಗೆ ಮೊದಲೇ ಗೊತ್ತಿತ್ತು ಸರ್.”

ಅವರು ಕೈ ಒರೆಸಿಕೊಂಡರು. ಗಾಬರಿಯಾಗಲಿಲ್ಲ. “ಕೂತ್ಕೊಳ್ಳಿ ಹಾಲೇಶ್. ವಾಹನ ಮಂಡಳಿ ಯಾರನ್ನೂ ಕೆಲಸದಿಂದ ತೆಗೆಯೋದಿಲ್ಲ ಅಂತ ಮಾತು ಕೊಟ್ಟಿದೆ. ಹೊಸ ಬಸ್ಸುಗಳು ಬರೋದೂ ಖಚಿತ. ಆರೋಗ್ಯದ ಕಾರಣದಿಂದ ಅವರಾಗೇ ಸರಿದರೆ ಯಾರ ಮನಸ್ಸಿಗೂ ನೋವಾಗೋದಿಲ್ಲ.”

“ಅವರಿಗೆ ಕಾಯಿಲೆಯೇ ಇಲ್ಲ!”

“ಪಂಪು ಯಾರಿಗೂ ಕೆಡುಕು ಮಾಡೋದಿಲ್ಲ. ಸಕ್ಕರೆ ಏರದಿದ್ದರೆ ಅದು ಸುಮ್ಮನಿರುತ್ತೆ.”

“ಅದರಲ್ಲಿ ನನ್ನ ಅಕ್ಕ ಇದ್ದಾಳೆ ಸರ್.”

ಅವರ ಮುಖದಲ್ಲಿ ಒಂದು ಕ್ಷಣ ನಿಜವಾದ ಮರುಕ ಕಂಡಿತು. ಅದೇ ನನಗೆ ಇನ್ನೂ ಸಹಿಸಲಾಗದ್ದು. “ಅಯ್ಯೋ, ಮೊದಲೇ ಹೇಳಬಾರದಿತ್ತೇ? ಅವರಿಗೆ ಪೊಟ್ಟಣ ಕೊಡದೆ ಬಿಟ್ಟಿದ್ದರೆ ಆಗ್ತಿತ್ತು,” ಎಂದರು. ಸ್ವಲ್ಪ ತಡೆದು, “ಸಹಿ ನಿಮ್ಮದೇ ಇದೆ. ಯೋಚನೆ ಮಾಡಿ ಮಾತಾಡಿ,” ಎಂದು ತಟ್ಟೆ ಹತ್ತಿರಕ್ಕೆಳೆದುಕೊಂಡರು.

ಕಾನೂನಿನಲ್ಲಿ ಒಂದೇ ಕಿಂಡಿ ಉಳಿದಿತ್ತು. ಕೆಂಪು ಬಂದವರು ಏಳು ದಿನದೊಳಗೆ ಮರುಪರೀಕ್ಷೆ ಕೇಳಬಹುದು. ಅದಕ್ಕೆ ಮುಂಚೆ ಪಂಪಿನ ಒಪ್ಪಿಗೆಗೆ ರುಜು ಹಾಕಿದರೆ ಮುಗಿಯಿತು. ಅಷ್ಟರಲ್ಲಿ ಒಂದು ದಿನ ಕಳೆದಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಒಪ್ಪಿಗೆಯ ಕಾಗದ ಓದುತ್ತಿದ್ದಳು. ನನ್ನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ. ನಾನು ಅಲ್ಲೇ ನಿಂತು ಎಲ್ಲ ಹೇಳಿದೆ. ಹದಿನಾಲ್ಕನೆಯ ಸಾಲು, ಜೂನ್ ತಿಂಗಳ ಪುಟ, ನನ್ನ ಸಹಿ, ಯಾವುದನ್ನೂ ಮುಚ್ಚಿಡಲಿಲ್ಲ.

“ಮೂರು ದಿನ ಹೊಟ್ಟೆತುಂಬ ಅನ್ನ ಉಣ್ಣಕ್ಕ. ನಾಲ್ಕನೇ ದಿನ ಮತ್ತೆ ಶರಬತ್ತು ಕುಡಿ. ಹಸಿರು ಬರ್ತೈತಿ.”

“ತಿನ್ನಬ್ಯಾಡ ಅಂದೆ, ಬಿಟ್ಟೆ. ಕಳ್ಳಿ ಅಂದೆ, ಕೇಳ್ದೆ. ಈಗ ತಿನ್ನು ಅಂತೀಯ.” ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನನಗೆ ಖರೇನೇ ಸಕ್ಕರೆ ರೋಗ ಇದ್ರೆ? ಮೂರು ದಿನ ಅನ್ನ ಉಂಡು ಬಿದ್ರೆ? ನಿನ್ನ ಯಾವ ಮಾತು ಖರೇ ಅಂತ ನಂಬ್ಲಪ?”

ಅವಳು ಕಾಗದ ಮಡಚಿ ಎದ್ದಳು.

“ನೀನೂ ಒಂದು ತಿಂಗಳು ಆ ಹಿಂಡೀನೇ ತಿಂದೀನಿ ಅಂದೆಯಲ್ಲ. ನಿನ್ನ ತೋಳಾಗೂ ಕಾಳು ಐತಿ. ಏನಾದ್ರೂ ತಿಂದು ಬಂದೀಯೇನು?”

“ಇಲ್ಲ. ರಾತ್ರಿಯಿಂದ ಏನೂ ಇಳಿದಿಲ್ಲ.”

“ಹಂಗಾದ್ರೆ ಕುಂತ್ಕ. ಮೊದ್ಲು ನೀನು ಕುಡಿ.”

ನಾನು ವೃತ್ತಿಯಲ್ಲಿ ಇಪ್ಪತ್ತು ವರ್ಷ ಜನರಿಗೆ ಶರಬತ್ತು ಕುಡಿಸಿದವನು, ಒಮ್ಮೆಯೂ ಕುಡಿದಿರಲಿಲ್ಲ. ಚೀಲದಲ್ಲಿದ್ದ ಗ್ಲೂಕೋಸನ್ನು ಅವಳೇ ನೀರಿಗೆ ಕದಡಿಕೊಟ್ಟಳು. ಬಾಯೆಲ್ಲ ಅಂಟಂಟಾಯಿತು. ನನ್ನ ರೇಖೆ ಅವಳ ಫೋನಿನಲ್ಲಿ ಕಾಣುವಂತೆ ಮಾಡಿಕೊಟ್ಟೆ. ಎರಡು ಗಂಟೆ ಅಕ್ಕ ತಮ್ಮ ಇಬ್ಬರೂ ಚಾಪೆಯ ಮೇಲೆ ಕೂತು ಆ ಗೆರೆ ನೋಡಿದೆವು. ಅವಳು ನಡುವೆ ಅವರೆಕಾಯಿ ಬಿಡಿಸಿದಳು. ಗೆರೆ ಏರಿತು, ಏರಿದ್ದು ಇಳಿಯಲೊಲ್ಲದು. ಎರಡು ಗಂಟೆಗೆ ನೂರ ಎಪ್ಪತ್ತೆಂಟು.

“ಕೆಂಪು,” ಎಂದಳು ಅಕ್ಕ.

“ಪುಡಿ ಹಿಡಿಯೋಕೆ ಮೊದ್ಲು, ಹೊಟ್ಟೆತುಂಬ ಅನ್ನ ಉಂಡು ಎರಡು ಗಂಟೆಗೆ ನನ್ನದು ನೂರ ಇಪ್ಪತ್ತು ಇರ್ತಿತ್ತಕ್ಕ.”

ಅವಳು ಫೋನು ಕೆಳಗಿಟ್ಟಳು. ಆಮೇಲೆ ಒಪ್ಪಿಗೆಯ ಕಾಗದವನ್ನು ನಾಲ್ಕು ಚೂರು ಮಾಡಿ, ಅವರೆ ಸಿಪ್ಪೆಯ ಜತೆ ಮೊರಕ್ಕೆ ಹಾಕಿದಳು. “ನನಗೊಬ್ಬಾಕಿಗೆ ಹೇಳಿದ್ರೆ ಸಾಲದು. ಡಿಪೋದಾಗೆ ಎಷ್ಟು ಜನ ಅದಾರೆ ಗೊತ್ತೇನು? ನಡಿ.”

ಅವತ್ತು ಮಧ್ಯಾಹ್ನವೇ ಡಿಪೋದ ತಗಡಿನ ಚಪ್ಪರದಡಿ ಮಾಬುಸಾಬ ದೊಡ್ಡ ಹಂಡೆ ಇಡಿಸಿದ. ಪುಡಿ ತಿಂದು ಸೋತವರಿಗೆ ಎಮ್ಮೆಗೆ ಹಾಕಿ ಗೆದ್ದವನೇ ಅನ್ನ ಬಡಿಸಿದ. ಮೊದಲಿಗೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಕೆಂಪು ಬಂದ ಮೇಲೆ ಅನ್ನವೆಂದರೆ ಅವರಿಗೆ ವಿಷ ನೋಡಿದ ಹಾಗಾಗಿತ್ತು. ನಾನು ಬೆಂಚು ಹತ್ತಿ ನನ್ನ ಸಹಿಯಿದ್ದ ಆದೇಶವನ್ನು ಗಟ್ಟಿಯಾಗಿ ಓದಿದೆ. ಒಬ್ಬ ನನ್ನ ಮೇಲೆ ಚಪ್ಪಲಿ ಎಸೆದ. ಅದು ಹೆಗಲಿಗೆ ತಗುಲಿತು, ಓದು ನಿಲ್ಲಿಸಲಿಲ್ಲ. ಓದಿ ಮುಗಿದಾಗ ಅಕ್ಕ ಎಲ್ಲರ ಮುಂದೆ ನನಗೊಂದು ತಟ್ಟೆ ಕೊಟ್ಟಳು. ನಾನು ಉಣ್ಣತೊಡಗಿದ ಮೇಲೆ ತಾನೂ ಒಂದು ತುತ್ತು ಕಲಸಿದಳು. ತುತ್ತು ಬಾಯಿಗಿಟ್ಟುಕೊಂಡವಳ ಕಣ್ಣಲ್ಲಿ ನೀರು ತುಂಬಿತು. ಅದು ತಿಂಗಳ ಮೇಲೆ ಕಂಡ ಅನ್ನಕ್ಕೋ ನನಗೋ ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕೂತರು.

ಮರುಪರೀಕ್ಷೆಗೆ ಬಂದವರು ಇನ್ನೂರ ಎಪ್ಪತ್ತಾರು ಜನ. ಉಳಿದವರು ಆಗಲೇ ರುಜು ಹಾಕಿ ಪಂಪು ಕಟ್ಟಿಕೊಂಡಿದ್ದರು. ಅವರ ಮುಖಗಳು ನನಗೆ ಇವತ್ತಿಗೂ ಎದುರಾಗುತ್ತವೆ, ನಾನು ರಸ್ತೆ ದಾಟಿ ಆಚೆ ಹೋಗುತ್ತೇನೆ. ಬಂದವರಲ್ಲಿ ಹದಿನೇಳು ಮಂದಿಗೆ ಮಾತ್ರ ಮತ್ತೆ ಕೆಂಪು ಬಂತು. ಅವರಿಗೆ ನಿಜವಾಗಿಯೂ ಸಕ್ಕರೆ ರೋಗವಿತ್ತು, ಪುಡಿಯ ರೊಟ್ಟಿ ಅವರಿಗೆ ಒಳ್ಳೆಯದನ್ನೇ ಮಾಡುತ್ತಿತ್ತು. ಅಕ್ಕನದು ನೂರ ಹದಿನೆಂಟು. ನನ್ನದು ನೂರ ಇಪ್ಪತ್ನಾಲ್ಕು.

ಅವಳು ಬಸ್ಸು ಹತ್ತಿ ದಿಂಬನ್ನು ಮತ್ತೆ ಸೀಟಿಗೆ ಕಟ್ಟಿದಳು. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ನಾನು ಕೆಳಗೆ ನಿಂತಿದ್ದೆ. ನನ್ನ ಕಡೆ ನೋಡದೆ ಬಸ್ಸು ಹೊರಡಿಸಿದಳು.

ಸಮರೇಖೆ ನನ್ನನ್ನು ತೆಗೆಯುವ ಮೊದಲೇ ನಾನು ಬಿಟ್ಟೆ. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮಕ್ಕಳಿಗೆ ಯಾವ ಕಾಗದವನ್ನೂ ಓದದೆ ಸಹಿ ಹಾಕಬೇಡಿ ಎಂದು ಪಾಠದ ನಡುವೆ ಕಾರಣವಿಲ್ಲದೆ ಹೇಳುತ್ತಿರುತ್ತೇನೆ. ಹೊಸ ಕೈಪಿಡಿಯಲ್ಲಿ ಹದಿನಾಲ್ಕನೆಯ ಸಾಲು ಮರಳಿ ಬಂದಿದೆ. ಡಾ. ವಿಶ್ವಂಭರರ ಮಹತ್ವದ ಶೋಧನೆ ಎಂದು ಅದರ ಕೆಳಗೆ ಅಚ್ಚಾಗಿದೆ.

ಮುಂದಿನ ಪಂಚಮಿಗೆ ನಾನೇ ಒಲೆಯ ಮುಂದೆ ಕೂತೆ. ಬೆಲ್ಲದ ಪಾಕ ಎರಡು ಸಲ ಕೆಟ್ಟಿತು, ಮೂರನೆಯ ಸಲ ಹದಕ್ಕೆ ಬಂತು. ಶೇಂಗಾ ಉಂಡಿ ಕಟ್ಟುವಾಗ ಅಂಗೈ ಸುಟ್ಟುಕೊಂಡೆ. ಅವ್ವನ ಡಬ್ಬಿಯನ್ನು ಮೂರು ಸಲ ತೊಳೆದು, ತುಂಬಿ, ಅಕ್ಕನ ಮನೆಗೆ ಒಯ್ದೆ.

“ಬಾರಪ,” ಎಂದಳು. ನೀರು ಕೊಟ್ಟಳು. ನನ್ನ ಕೈಯ ಬೊಬ್ಬೆ ನೋಡಿ, “ಅಂಗಡ್ಯಾಗೆ ಸಿಗ್ತಿರ್ಲಿಲ್ಲೇನು?” ಎಂದು ಬೆಣ್ಣೆ ತಂದು ಸವರಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಉಂಡಿ ತೆಗೆದು, ಎರಡು ಹೋಳು ಮಾಡಿ, ಒಂದನ್ನು ನನ್ನ ಕೈಗಿಟ್ಟಳು.

“ಮೊದ್ಲು ನೀನು ತಿನ್ನು.”

ನಾನು ತಿಂದೆ. ನುಂಗುವ ತನಕ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಪಾಲನ್ನು ಬಾಯಿಗೆ ಹಾಕಿಕೊಂಡಳು.